ಹಿಂದಿನ ಕಿಟಕಿಗೆ ಒಂದೇ ಡಬ್ಬಿ

ಇಪ್ಪತ್ತಾರು ವರ್ಷದಿಂದ ನಾನು ಬಸವನಗುಡಿಯ ಮಲ ನೋಡುತ್ತಿದ್ದೇನೆ. ಇದು ಬೈಗುಳವಲ್ಲ, ಉದ್ಯೋಗ. ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯಲ್ಲಿ ಸದ್ಭಾವ ಧರ್ಮಾರ್ಥ ಚಿಕಿತ್ಸಾಲಯ ಅಂತ ಒಂದಿದೆ. ಅದರ ಪ್ರಯೋಗಾಲಯಕ್ಕೆ ನಾನೊಬ್ಬನೇ. ಹೆಸರು ಪ್ರಸನ್ನ. ಒಂದು ಮೈಕ್ರೋಸ್ಕೋಪು, ಕೂರಲು ಎತ್ತರದ ಕುರ್ಚಿ, ಎರಡು ಕಿಟಕಿ.

ಮುಂದಿನ ಕಿಟಕಿ ವರಾಂಡಕ್ಕೆ ತೆರೆಯುತ್ತದೆ. ಅಲ್ಲಿಗೆ ಬಡಾವಣೆಯವರು ಬರುತ್ತಾರೆ. ಮಾದರಿಯ ಡಬ್ಬಿಯನ್ನು ಸಿಹಿಯಂಗಡಿಯ ಕವರಿನಲ್ಲಿಟ್ಟು, ಅದನ್ನು ಸೀರೆಯಂಗಡಿಯ ಕವರಿನಲ್ಲಿಟ್ಟು, ಕಳ್ಳಮಾಲಿನಂತೆ ದಾಟಿಸಿ ಬೇರೆ ಕಡೆ ನೋಡುತ್ತಾರೆ. ಹಿಂದಿನ ಕಿಟಕಿ ಜನರೇಟರಿನ ಕಡೆಗಿದೆ. ಅಲ್ಲಿಗೆ ಪೌರಕಾರ್ಮಿಕರು ಬರುತ್ತಾರೆ. ಡಬ್ಬಿಯನ್ನು ಕೈಯಲ್ಲೇ ಹಿಡಿದು ತರುತ್ತಾರೆ. ಊರಿನವರದ್ದನ್ನೆಲ್ಲ ಹಿಡಿದ ಕೈ, ತನ್ನದನ್ನು ಹಿಡಿಯಲು ನಾಚುವುದಿಲ್ಲ.

ಯಾರು ಯಾವ ಕಿಟಕಿಗೆ ಎಂದು ಗೋಡೆಯ ಮೇಲೆ ಬರೆದಿಲ್ಲ. ನಾನು ಸೇರುವ ಮೊದಲೇ ಹಾಗಿತ್ತು. ಬರೆಯದ ಇನ್ನೊಂದು ಪದ್ಧತಿಯೂ ಇತ್ತು. ಮುಂದಿನ ಕಿಟಕಿಗೆ ಮೂರು ಡಬ್ಬಿ. ಹಿಂದಿನ ಕಿಟಕಿಗೆ ಒಂದು.

ಕಾರಣ ಇಷ್ಟೇ. ಜಿಯಾರ್ಡಿಯಾ ಎಂಬ ಒಂದೇ ಕೋಶದ ಜೀವಿಯಿದೆ. ಹೊಲಸು ನೀರಿನಿಂದಲೋ ಹೊಲಸು ಮುಟ್ಟಿದ ಕೈಯಿಂದಲೋ ಬಾಯಿಗೆ ಹೋಗಿ, ಸಣ್ಣ ಕರುಳಿಗೆ ಕಚ್ಚಿಕೊಂಡು ಕೂರುತ್ತದೆ. ಇವತ್ತು ಮಲದಲ್ಲಿ ಕಾಣುತ್ತದೆ, ನಾಳೆ ಕಾಣುವುದಿಲ್ಲ, ನಾಲ್ಕನೆಯ ದಿನ ಮತ್ತೆ ಕಾಣುತ್ತದೆ. ಹಾಗಾಗಿ ‘ಇಲ್ಲ’ ಎಂದು ಬರೆಯಬೇಕಾದರೆ ಬೇರೆ ಬೇರೆ ದಿನದ ಮೂರು ಮಾದರಿ ನೋಡಿರಬೇಕು. ಒಂದೇ ನೋಡಿ ಇಲ್ಲವೆನ್ನುವುದು, ಒಂದು ಸಲ ಬಾಗಿಲು ತಟ್ಟಿ ಈ ಮನೆಯಲ್ಲಿ ಯಾರೂ ವಾಸವಿಲ್ಲ ಎಂದು ಗುರುತು ಹಾಕಿಕೊಂಡು ಹೋಗುವ ಜನಗಣತಿಯವನ ಕೆಲಸ. ಇದು ನನಗೆ ಗೊತ್ತಿತ್ತು. ಡಿಪ್ಲೊಮಾದ ಮೊದಲ ವರ್ಷದ ಪಾಠ. ನಾನು ಓದಿಕೊಂಡವನು. ಹನುಮಂತನಗರದ ನನ್ನ ಮನೆಯಲ್ಲಿ ಮೂರು ಬೀರು ಪುಸ್ತಕವಿದೆ. ಅರ್ಧಕ್ಕರ್ಧ ಸಮಾನತೆಯ ಮೇಲೆ.

ಬಸವಮ್ಮ ಮೊದಲು ಬಂದದ್ದು ಜನವರಿಯಲ್ಲಿ. ನಲವತ್ತರ ಹತ್ತಿರದ ಹೆಂಗಸು. ಬೆಳಗ್ಗೆ ಆರೂವರೆಯಿಂದ ಎರಡರವರೆಗೆ ಕೆಲಸ. ಮೊದಲು ಎರಡು ರಸ್ತೆ ಗುಡಿಸಬೇಕು. ಆಮೇಲೆ ನೂರ ನಲವತ್ತು ಮನೆಯ ಕಸ ತಳ್ಳುಗಾಡಿಗೆ ತುಂಬಿ, ಹಸಿ ಒಣ ಎಂದು ಕೈಯಲ್ಲೇ ಬೇರೆ ಮಾಡಬೇಕು. ಗ್ಲೌಸು ಕೊಟ್ಟಿದ್ದರಂತೆ. ಅದು ಫೋಟೋ ತೆಗೆದ ದಿನದ್ದು, ಎರಡೇ ವಾರಕ್ಕೆ ಹರಿದಿತ್ತು. ಮಕ್ಕಳ ಡೈಪರು, ಹಳಸಿದ ಸಾರು, ನಾಯಿಯ ಹೇಲು ಸುತ್ತಿದ ಪತ್ರಿಕೆ. ಕೈ ತೊಳೆಯಲು ನಲ್ಲಿ ಇರಲಿಲ್ಲ. ಕೈ ತೊಳೆದು ಊಟ ಮಾಡಿ ಎಂಬ ಪೋಸ್ಟರು ಚಿಕಿತ್ಸಾಲಯದ ಗೋಡೆಯಲ್ಲಿ ಇತ್ತು.

ಮೂರು ವಾರದಿಂದ ಭೇದಿ ಎಂದಳು. ಹೊಟ್ಟೆ ಉಬ್ಬರ, ಕೊಳೆತ ಮೊಟ್ಟೆ ವಾಸನೆಯ ತೇಗು. ಮೈ ಇಳಿದಿತ್ತು. ಸ್ಲೈಡಿನಲ್ಲಿ ಅವು ತುಂಬಿಕೊಂಡಿದ್ದವು. ಪೇರಳೆಯ ಆಕಾರ, ಎರಡು ಕಣ್ಣಿನಂಥ ಚುಕ್ಕೆ, ಮರದಿಂದ ಉದುರುವ ಎಲೆಯಂತೆ ಹೊರಳುವ ಚಲನೆ. ನಾನು ‘ಇದೆ’ ಎಂದು ಬರೆದೆ.

ಡಾಕ್ಟರ್ ಮಧುಸೂದನ್ ವಾರಕ್ಕೆ ಮೂರು ದಿನ ಉಚಿತವಾಗಿ ರೋಗಿಗಳನ್ನು ನೋಡುತ್ತಾರೆ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಒಳ್ಳೆಯವರು. ಒಳ್ಳೆಯತನ ಅವರಿಗೆ ರಕ್ತದೊತ್ತಡದ ಹಾಗೆ, ಮನೆತನದಿಂದ ಬಂದದ್ದು. ಎಲ್ಲರಿಗೂ ಕೊಡುವ ಮಾತ್ರೆಯನ್ನೇ ಐದು ದಿನಕ್ಕೆ ಬರೆದರು. ಮೆಟ್ರೋನಿಡಜೋಲ್. ಬಾಯೆಲ್ಲ ತುಕ್ಕು ನೆಕ್ಕಿದ ಹಾಗೆ ಮಾಡುವ ಮಾತ್ರೆ. ಭೇದಿ ನಿಂತಿತು. ಬಸವಮ್ಮ ಹಿಂದಿನ ಕಿಟಕಿಯಲ್ಲಿ ಒಂದು ಡಬ್ಬಿ ಕೊಟ್ಟಳು. ನನಗೆ ಏನೂ ಕಾಣಲಿಲ್ಲ. ‘ಇಲ್ಲ’ ಎಂದು ಬರೆದು ಸಹಿ ಹಾಕಿದೆ.

ಮೂರೇ ವಾರಕ್ಕೆ ವಾಪಸು ಬಂದಳು. ಮತ್ತೆ ಅದೇ ಮಾತ್ರೆ. ಒಂದು ಡಬ್ಬಿ. ‘ಇಲ್ಲ’. ಮತ್ತೆ ಬಂದಳು. ಈ ಸಲ ಟಿನಿಡಜೋಲ್, ಅದೇ ಮಾತ್ರೆಯ ತಮ್ಮ. ಅಣ್ಣನಿಗೆ ಬಗ್ಗದ ಜೀವಿ ತಮ್ಮನಿಗೂ ಬಗ್ಗದಿರುವುದು ಸಾಮಾನ್ಯ. ಒಂದು ಡಬ್ಬಿ. ‘ಇಲ್ಲ’. ನನ್ನ ಮೂರು ‘ಇಲ್ಲ’ಗಳನ್ನು ಜೋಡಿಸಿಕೊಂಡು ಡಾಕ್ಟರು ಒಂದು ತೀರ್ಮಾನಕ್ಕೆ ಬಂದರು. ಮಾತ್ರೆ ಪ್ರತಿ ಸಲವೂ ಕೆಲಸ ಮಾಡಿದೆ. ಪ್ರತಿ ಸಲವೂ ಹೆಂಗಸು ಹೊಸದಾಗಿ ಹತ್ತಿಸಿಕೊಂಡು ಬರುತ್ತಿದ್ದಾಳೆ. ಈ ಜನಕ್ಕೆ ಸ್ವಚ್ಛತೆ ಕಲಿಸುವುದು ಕಷ್ಟ ಪ್ರಸನ್ನ, ನಿಮಗೆ ಗೊತ್ತಾಗಲ್ಲ, ಎಂದು ನನಗೆ ಹೇಳಿದರು. ಊರು ಸ್ವಚ್ಛ ಮಾಡುವವರಿಗೆ ಸ್ವಚ್ಛತೆ ಕಲಿಸುವ ಕಷ್ಟಕ್ಕೆ ನಾನು ತಲೆಯಾಡಿಸಿದೆ. ನನ್ನ ತಾಯಿ ಪಾರ್ವತಮ್ಮ ಚಾಮರಾಜಪೇಟೆಯಲ್ಲಿ ಇಪ್ಪತ್ತೆಂಟು ವರ್ಷ ಇಂಥದೇ ಗಾಡಿ ತಳ್ಳಿದವಳು. ಚಿಕಿತ್ಸಾಲಯದಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಏಪ್ರಿಲಿನಲ್ಲಿ ಅದು ನಡೆಯಿತು. ಬೆಳಗ್ಗೆ ಒಂಬತ್ತು. ಗಾಡಿ ಅರ್ಧ ತುಂಬಿತ್ತು. ಬಸವಮ್ಮನ ಹೊಟ್ಟೆ ಮುರಿಯಿತು. ಮಾರುಕಟ್ಟೆಯ ಪಕ್ಕದ ಶೌಚಾಲಯಕ್ಕೆ ಬೀಗ. ಎರಡು ಮನೆಯ ಗೇಟು ಬಡಿದಳು, ಯಾರೂ ಹೊರಗೆ ಬರಲಿಲ್ಲ. ಮೂರನೆಯದು ಕೋಕಿಲಾ ಅವರ ಮನೆ. ನಿವೃತ್ತ ಹೆಡ್ ಮಿಸ್. ಹಿತ್ತಲಲ್ಲಿ ಕೆಲಸದವರಿಗೆಂದೇ ಒಂದು ಕಕ್ಕಸಿದೆ. ಅದರಲ್ಲಿ ಹಳೆಯ ನ್ಯೂಸ್ ಪೇಪರ್ ತುಂಬಿದ್ದೇವೆ, ನಾಳೆ ಖಾಲಿ ಮಾಡಿಸಿರ್ತೀನಿ ಬಾ ಎಂದರಂತೆ.

ನಾಳೆಯವರೆಗೆ ಹೊಟ್ಟೆ ಕಾಯಲಿಲ್ಲ. ಗೇಟಿನ ಮುಂದೆಯೇ ಆಯಿತು. ಸೀರೆ, ಕಾಲು, ಚಪ್ಪಲಿ. ನಡುರಸ್ತೆಯಲ್ಲಿ ನಿಂತುಬಿಟ್ಟಳು. ಕೋಕಿಲಾ ಒಂದು ಬಕೆಟ್ಟು ನೀರು ತಂದರು. ಬಸವಮ್ಮ ತನಗೆಂದು ಕೈ ಚಾಚಿದಳು. ಅದರ ಜೊತೆ ಫಿನಾಯಿಲ್ ಬಾಟಲೂ ಬಂತು. ನೀರು ರಸ್ತೆಗೆ. ಬಸವಮ್ಮ ಮೊದಲು ರಸ್ತೆ ತೊಳೆದಳು. ತಳದಲ್ಲಿ ಉಳಿದ ಎರಡು ತಂಬಿಗೆಯಷ್ಟರಲ್ಲಿ ತನ್ನ ಕಾಲು ತೊಳೆದುಕೊಂಡಳು. ಗಾಡಿ ಬಿಟ್ಟು ಹೋದರೆ ಗೈರುಹಾಜರಿ ಎಂದು, ಒದ್ದೆ ಸೀರೆಯಲ್ಲಿ ಉಳಿದ ಅರವತ್ತು ಮನೆಯ ಕಸ ಎತ್ತಿದಳು. ಯಾರೋ ಮಹಡಿಯಿಂದ ಫೋಟೋ ತೆಗೆದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಸಂಜೆಯೊಳಗೆ ನಲವತ್ತೊಂದು ಜನ ನೊಂದುಕೊಂಡಿದ್ದರು. ರಸ್ತೆಯ ಸಲುವಾಗಿ.

ಮರುದಿನ ಮೇಸ್ತ್ರಿ ಮರಿಯಣ್ಣ ಅವಳನ್ನು ಗಾಡಿ ಮುಟ್ಟಲು ಬಿಡಲಿಲ್ಲ. ಡಾಕ್ಟರರ ಹತ್ತಿರ ಫಿಟ್ ಎಂದು ಪತ್ರ ತಂದರೆ ಕೆಲಸ, ಇಲ್ಲದಿದ್ದರೆ ಬೇರೆಯವರನ್ನು ಹಾಕ್ತೀನಿ ಎಂದ. ಅವನಿಗೂ ಮೇಲಿನವರ ಫೋನು ಬಂದಿತ್ತು.

ಡಾಕ್ಟರರ ಸಂಶಯ ಈಗ ಮಾತ್ರೆಯ ಮೇಲಲ್ಲ, ಬಸವಮ್ಮನ ಗಂಟಲಿನ ಮೇಲೆ ಹೋಯಿತು. ನುಂಗುತ್ತಾಳೋ ಇಲ್ಲವೋ. ಏಳು ದಿನ, ದಿನಕ್ಕೆ ಮೂರು ಸಲ, ವರಾಂಡದಲ್ಲಿ ನರ್ಸ್ ಸೌಂದರ್ಯಾಳ ಎದುರಿಗೇ ನುಂಗಬೇಕೆಂದರು. ಬಾಯಿ ತೆಗೆಯಬೇಕು. ನಾಲಿಗೆ ಎತ್ತಬೇಕು. ಸೌಂದರ್ಯಾ ಪೆನ್ನಿನಂಥ ಟಾರ್ಚು ಬಿಟ್ಟು ಎಡದವಡೆ ಬಲದವಡೆ ನೋಡಿ ತಲೆಯಾಡಿಸಬೇಕು. ಬೆಂಚಿನ ಮೇಲೆ ಸರದಿಗೆ ಕೂತವರಿಗೆ ಇದೊಂದು ಕಾರ್ಯಕ್ರಮವಾಯಿತು. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡ್ತಾರಲ್ಲ ಹಂಗೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ನನ್ನ ಕಿಟಕಿಗೆ ಕೇಳಿಸಿತು. ಬಸವಮ್ಮನಿಗೂ ಕೇಳಿಸಿರಬೇಕು. ಅವಳ ನಾಲಿಗೆ ಇನ್ನೂ ಮೇಲೇ ಇತ್ತು.

ಆ ಏಳು ದಿನ ಅವಳಿಗೆ ಕೆಲಸವಿರಲಿಲ್ಲ. ಕಸ ಮುಟ್ಟಿರಲಿಲ್ಲ. ಮನೆಯಲ್ಲಿ ಕಾಯಿಸಿದ ನೀರು ಕುಡಿದಿದ್ದಳು. ಹೊಸದಾಗಿ ಹತ್ತಲು ದಾರಿ ಇರಲಿಲ್ಲ. ಭೇದಿ ನಿಲ್ಲಲೂ ಇಲ್ಲ. ಎಂಟನೆಯ ದಿನದ ಒಂದೇ ಡಬ್ಬಿಯಲ್ಲಿ ಅವು ಕಂಡವು. ಎಲೆಯಂತೆ ಹೊರಳುತ್ತಾ, ಆರಾಮಾಗಿ.

‘ಇದೆ’ ಎಂದು ಬರೆದೆ. ಡಾಕ್ಟರು ಓದಿ, ನುಂಗಿದ್ದನ್ನು ಹೊರಗೆ ಹೋಗಿ ವಾಂತಿ ಮಾಡಿರ್ತಾಳೆ ಎಂದರು.

ಆ ದಿನ ಬಸವಮ್ಮ ಹಿಂದಿನ ಕಿಟಕಿಗೆ ಬಂದು ಒಂದು ಪ್ಲಾಸ್ಟಿಕ್ ಚೀಲ ಬಿಚ್ಚಿದಳು. ಒಳಗೆ ಮೂರು ಖಾಲಿ ಡಬ್ಬಿ. ನಮ್ಮವೇ. ನನ್ನದೇ ಅಕ್ಷರ. ಆರಾಧನಾ ೧, ಆರಾಧನಾ ೨, ಆರಾಧನಾ ೩. ಕೋಕಿಲಾ ಅವರ ಮಗಳು. ಹಿಮಾಲಯದ ಕಡೆ ಹೋಗಿ ಹೊಟ್ಟೆ ಕೆಡಿಸಿಕೊಂಡು ಬಂದಿದ್ದಳು. ಈ ಡಬ್ಬಿಗಳು ಹಳದಿ ಚೀಲದಲ್ಲಿ ಸುಡಲು ಹೋಗಬೇಕು. ನಮ್ಮ ವಾಚ್‌ಮನ್ ಒಣಕಸಕ್ಕೆ ಹಾಕುತ್ತಿದ್ದ. ಒಣಕಸ ಬಸವಮ್ಮನ ಕೈಗೆ ಹೋಗುತ್ತಿತ್ತು. ಅವಳಿಗೆ ರೋಗ ಎಲ್ಲಿಂದ ಬಂತೆಂದು ಡಾಕ್ಟರು ನಾಲ್ಕು ತಿಂಗಳು ಯೋಚಿಸಿದ್ದರು.

“ನಾನೂ ಏಳನೇ ಕ್ಲಾಸು ಸಾರ್. ಲೇಬಲ್ಲು ಓದ್ತೀನಿ,” ಎಂದಳು. “ಆಯಮ್ಮನ ಹೊಟ್ಟೆಗೆ ಮೂರು ಡಬ್ಬಿ. ನನ್ ಹೊಟ್ಟೆಗೆ ಒಂದೇ ಯಾಕೆ?”

ನಾನು ಪದ್ಧತಿ ಎಂದೆನೋ ಏನೋ. ಯಾವ ಅರ್ಥವೂ ಇಲ್ಲದ ಒಂದು ಮಾತು ಹೇಳಿದೆ. ನಾನು ಆ ಕಿಟಕಿಯಲ್ಲಿ ಎಲ್ಲರಿಗೂ ನೀವು ಎನ್ನುತ್ತಿದ್ದೆ. ಅಷ್ಟಕ್ಕೇ ನನ್ನನ್ನು ನಾನು ಮೆಚ್ಚಿಕೊಂಡಿದ್ದೆ.

“ನೀವು ಪಾರ್ವತಕ್ಕನ ಮಗ ಅಲ್ವಾ?” ಎಂದಳು. ದನಿ ತಗ್ಗಿಸಿಯೇ ಕೇಳಿದಳು.

ಎಷ್ಟು ದಿನದಿಂದ ಗೊತ್ತು ಎಂದು ಕೇಳಿದೆ. ಇಪ್ಪತ್ತು ವರ್ಷದಿಂದಂತೆ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ತಾಯಿಯೇ ಅವಳಿಗೆ ಪೊರಕೆ ಕಟ್ಟುವುದನ್ನು ಕಲಿಸಿದ್ದಳಂತೆ.

“ಮತ್ತೆ ಇಲ್ಲಿ ಯಾರಿಗೂ ಹೇಳಿಲ್ವಲ್ಲ,” ಎಂದೆ.

“ನಿಮ್ಗೂ ಕಿಟಕಿ ಬದಲಾಯಿಸಿಬಿಟ್ರೆ ಅಂತ.”

ಜನರೇಟರು ಶುರುವಾಯಿತು. ಮುಂದೆ ಏನು ಹೇಳಿದಳೋ ಕೇಳಿಸಲಿಲ್ಲ.

ಸೋಮವಾರ ಡಾಕ್ಟರು ಅವಳನ್ನು ಕರೆದರು. ಮೇಜಿನ ಮೇಲೆ ಎರಡು ಹಾಳೆಯಿದ್ದವು. ಒಂದು ಫಿಟ್ ಪತ್ರ, ಮರಿಯಣ್ಣನಿಗೆ. ಇನ್ನೊಂದು, ಮಾತ್ರೆಗಳನ್ನು ನಾನು ಸರಿಯಾಗಿ ತೆಗೆದುಕೊಂಡಿರುವುದಿಲ್ಲ, ಆದ್ದರಿಂದ ಗುಣವಾಗಿರುವುದಿಲ್ಲ ಎಂಬ ಹೇಳಿಕೆ. ಚಿಕಿತ್ಸಾಲಯ ನಡೆಸುವ ಟ್ರಸ್ಟಿನ ಕಡತಕ್ಕೆ ಕಾರಣ ಬೇಕು. ಸಹಿ ಹಾಕಿದರೆ ಐದನೆಯ ಬಾರಿಗೂ ಉಚಿತ ಮಾತ್ರೆ ಕೊಡುತ್ತೇವೆ, ಕೆಲಸಕ್ಕೂ ಹೋಗಬಹುದು ಎಂದು ವಿವರಿಸಿದರು. ಅವರ ಲೆಕ್ಕದಲ್ಲಿ ಅದು ಉಪಕಾರ. ಅವರು ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು.

ನಾನು ಬಾಗಿಲಲ್ಲಿ ನಿಂತಿದ್ದೆ, ಇನ್ಯಾರದೋ ರಿಪೋರ್ಟು ಹಿಡಿದುಕೊಂಡು.

ಬಸವಮ್ಮ ಪೆನ್ನು ಮುಟ್ಟಲಿಲ್ಲ. “ನುಂಗಿದೀನಿ. ನಿಮ್ ಸಿಸ್ಟರ್ ಬ್ಯಾಟ್ರಿ ಬಿಟ್ಟು ನೋಡಿದಾರೆ. ನುಂಗಿಲ್ಲ ಅಂತ ಸೈನ್ ಹಾಕಲ್ಲ.”

ಹಾಕದಿದ್ದರೆ ಕೆಲಸ ಹೋಗುತ್ತದೆ, ಯೋಚನೆ ಮಾಡು ಎಂದರು ಡಾಕ್ಟರು.

“ಹಾಕಿದ್ರೆ ಕೆಲಸ ಇರತ್ತೆ. ರೋಗಾನೂ ಇರತ್ತೆ. ಸುಳ್ಳಿ ಅನ್ನೋ ಹೆಸರೂ ಇರತ್ತೆ.”

ಸೆರಗಿನ ಗಂಟು ಬಿಚ್ಚಿ ಒಂದು ಖಾಲಿ ಸ್ಟ್ರಿಪ್ಪು ಮೇಜಿನ ಮೇಲಿಟ್ಟಳು. ನಿಟಾಜಾಕ್ಸನೈಡ್, ಬೇರೆಯೇ ಕುಲದ ಮಾತ್ರೆ. ಕೋಕಿಲಾ ಅವರ ಮನೆಯ ಕಸದಲ್ಲಿ ಸಿಕ್ಕಿದ್ದು. ಆರಾಧನಾಗೆ ಮೊದಲು ನನಗೆ ಕೊಟ್ಟದ್ದನ್ನೇ ಕೊಟ್ಟಿರಿ, ಅದರ ಸ್ಟ್ರಿಪ್ಪೂ ಕಸದಲ್ಲಿ ನೋಡಿದ್ದೇನೆ, ಆಮೇಲೆ ಇದನ್ನು ಕೊಟ್ಟಿರಿ, ನನಗೆ ಯಾಕೆ ಬರೆಯಲಿಲ್ಲ ಎಂದು ಕೇಳಿದಳು.

ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಆ ಕೇಸು ಬೇರೆ. ಅದರಲ್ಲಿ ಮಾಮೂಲಿ ಮಾತ್ರೆ ಫೇಲ್ ಆಯಿತು. ಕೆಲವು ಜೀವಿ ಹಾಗೆ, ಮಾತ್ರೆಗೆ ಬಗ್ಗುವುದಿಲ್ಲ. ಈ ಎರಡನೆಯ ಔಷಧಿಯನ್ನು ಉಳಿಸಿಕೊಳ್ಳಬೇಕು. ಅರ್ಧಕ್ಕೆ ಬಿಡುವವರ ಕೈಗೆ ಕೊಟ್ಟರೆ ಅದಕ್ಕೂ ಬಗ್ಗದ ಹಾಗೆ ಆಗಿಬಿಡುತ್ತದೆ.

ಬಸವಮ್ಮ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: “ಅವ್ರ ಹೊಟ್ಟೇಲಿದ್ರೆ ಮಾತ್ರೆ ಸರಿಯಿಲ್ಲ. ನನ್ ಹೊಟ್ಟೇಲಿದ್ರೆ ನಾನು ಸರಿಯಿಲ್ಲ.”

ಡಾಕ್ಟರು ನನ್ನ ಕಡೆ ತಿರುಗಿದರು. ಹೇಳಿ ಪ್ರಸನ್ನ, ಮೂರು ಸಲ ಕ್ಲಿಯರ್ ಆಗಿತ್ತಲ್ಲ, ರಿಪೋರ್ಟು ಇದೆಯಲ್ಲ ಎಂದರು. ಹೌದು ಎಂದರೆ ಮುಗಿಯುತ್ತಿತ್ತು. ಇಪ್ಪತ್ತಾರು ವರ್ಷದಿಂದ ನನಗೆ ಬಾಯಿಪಾಠವಾದ ಉತ್ತರ ಅದು.

“ಒಂದೊಂದೇ ಡಬ್ಬಿ ನೋಡಿ ಬರೆದದ್ದು ಸರ್. ಹೋಗಿತ್ತು ಅಂತ ಹೇಳಕ್ಕಾಗಲ್ಲ.”

ಡಾಕ್ಟರು ಕುರ್ಚಿಯೊಂದು ಮಾತಾಡಿದಂತೆ ನನ್ನನ್ನು ನೋಡಿದರು. “ಸಹಿ ನಿಮ್ದೇ ಇದೆ.”

“ನಂದೇ ಸರ್. ನಾನು ಬರೆದದ್ದು ತಪ್ಪು. ಹಿಂದಿನ ಕಿಟಕಿಗೆ ಬರೆದದ್ದೆಲ್ಲ ತಪ್ಪು.”

ಇದರಲ್ಲಿ ಶೌರ್ಯವೇನೂ ಇಲ್ಲ. ನಾಲ್ಕು ತಿಂಗಳು ತಡವಾಗಿ ಹೇಳಿದ ಮಾತು. ಆ ನಾಲ್ಕು ತಿಂಗಳಲ್ಲಿ ಬಸವಮ್ಮನ ಮೈಯಿಂದ ಹನ್ನೊಂದು ಕೆಜಿ ಇಳಿದಿತ್ತು.

ಅವಳು ಸಹಿ ಹಾಕದೆ ಎದ್ದಳು. ಹೊರಗೆ ಬಂದು, ಹಿಂದಕ್ಕೆ ಹೋಗದೆ, ಮುಂದಿನ ಕಿಟಕಿಯ ಎದುರಿನ ಬೆಂಚಿನ ಮೇಲೆ ಕೂತಳು. ಅಲ್ಲಿದ್ದ ಇಬ್ಬರು ಎದ್ದರು. ಅವಳು ಇನ್ನೂ ಸ್ವಲ್ಪ ಸರಿದು ಸರಿಯಾಗಿ ಕೂತಳು. ಸೌಂದರ್ಯಾ ನನ್ನ ಕಡೆ ನೋಡಿದಳು. ನಾನು ಮೂರು ಹೊಸ ಡಬ್ಬಿಗೆ ಲೇಬಲ್ಲು ಅಂಟಿಸಿ ಮುಂದಿನ ಕಿಟಕಿಯಿಂದಲೇ ಕೊಟ್ಟೆ.

ದಿನ ಬಿಟ್ಟು ದಿನ ಮೂರು ಸಲ ಬಂದಳು. ಮೊದಲ ಡಬ್ಬಿಯಲ್ಲಿ ಇಲ್ಲ. ಎರಡನೆಯದರಲ್ಲಿ ಇಲ್ಲ. ಆ ಎರಡರ ಸ್ಲೈಡನ್ನು ಕಣ್ಣು ಉರಿಯುವವರೆಗೆ ನೋಡಿದ್ದೆ. ಮೂರನೆಯದರಲ್ಲಿ ಇದ್ದವು. ಹಳೆಯ ಪದ್ಧತಿಯಾಗಿದ್ದರೆ ಮೊದಲ ಡಬ್ಬಿಗೇ ಅವಳಿಗೆ ವಾಸಿಯಾಗಿರುತ್ತಿತ್ತು, ಕಾಗದದ ಮೇಲೆ. ಮೂರನ್ನೂ ಬರೆದು, ಹಳೆಯ ಮೂರು ರಿಪೋರ್ಟಿನ ಕೆಳಗೆ ‘ಒಂದೇ ಮಾದರಿ, ತೀರ್ಮಾನಕ್ಕೆ ಸಾಲದು’ ಎಂದು ಸೇರಿಸಿ, ದಿನಾಂಕ ಹಾಕಿ ಡಾಕ್ಟರರ ಮೇಜಿನ ಮೇಲಿಟ್ಟೆ.

ಅವರು ಬಹಳ ಹೊತ್ತು ಓದಿದರು. ದೊಡ್ಡ ಸರ್ಕಾರಿ ಆಸ್ಪತ್ರೆಗೆ ಪತ್ರ ಬರೆದರು. ಬಸವಮ್ಮ ಅದನ್ನು ತಂದು ನನ್ನ ಕಿಟಕಿಯೊಳಗೆ ಚಾಚಿ, ಓದಿ ಎಂದಳು. ಇಂಗ್ಲಿಷಿನಲ್ಲಿತ್ತು. ನಾನು ಕನ್ನಡದಲ್ಲಿ ಜೋರಾಗಿ ಓದುತ್ತಾ ಹೋದೆ, ಬೆಂಚಿನವರಿಗೂ ಕೇಳುವಂತೆ. ಮೂರನೆಯ ಸಾಲಿನಲ್ಲಿ, ರೋಗಿ ಔಷಧೋಪಚಾರಕ್ಕೆ ಸಹಕರಿಸುವವಳಲ್ಲ ಎಂದಿತ್ತು.

ಅವಳು ಪತ್ರ ತೆಗೆದುಕೊಂಡು ಒಳಗೆ ಹೋದಳು. ಮೇಜಿನ ಮೇಲಿಟ್ಟಳು. “ಈ ಸಾಲು ಹೊಡೆದು ಹಾಕಿ. ಆಮೇಲೆ ತಗೊಂಡ್ ಹೋಗ್ತೀನಿ.”

ಡಾಕ್ಟರು ಮುಂದಿನ ರೋಗಿಯನ್ನು ಕರೆಯಲು ಹೇಳಿದರು. ಬಸವಮ್ಮ ಕದಲಲಿಲ್ಲ. ಮುಂದಿನ ರೋಗಿ ಬಂದು, ಅವಳನ್ನು ನೋಡಿ, ಆಮೇಲೆ ಬರ್ತೀನಿ ಎಂದು ಹೋದರು. ಇಪ್ಪತ್ತು ನಿಮಿಷ ಅವಳು ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಕೂರು ಎಂದು ಯಾರೂ ಹೇಳಲಿಲ್ಲ. ಕೊನೆಗೆ ಡಾಕ್ಟರು ಆ ಸಾಲಿನ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ ಚಿಕ್ಕ ಸಹಿ ಹಾಕಿಸಿಕೊಂಡೇ ಅವಳು ಹೊರಟಳು.

ದೊಡ್ಡಾಸ್ಪತ್ರೆಯಲ್ಲಿ ಎರಡು ಔಷಧಿಯನ್ನು ಒಟ್ಟಿಗೆ ಕೊಟ್ಟರು. ಕಷ್ಟದ ದಿನಗಳು. ಓಕರಿಕೆ, ತಲೆಸುತ್ತು. ತಿಂದದ್ದು ನಿಲ್ಲುತ್ತಿರಲಿಲ್ಲ, ಮಾತ್ರೆ ಮಾತ್ರ ನಿಲ್ಲುವಂತೆ ನೋಡಿಕೊಂಡಳಂತೆ. ಮರಿಯಣ್ಣ ಅವಳ ಜಾಗಕ್ಕೆ ಬೇರೆಯವರನ್ನು ಹಾಕಿದ. ಅವಳ ಜೊತೆಯ ಹೆಂಗಸರು, ಬಸವಮ್ಮ ಬರುವವರೆಗೆ ಆ ಗಾಡಿಯನ್ನು ಯಾರೂ ಮುಟ್ಟುವುದಿಲ್ಲ ಎಂದು ಎರಡು ದಿನ ಕಸ ಎತ್ತಲಿಲ್ಲ. ಜೂನ್ ತಿಂಗಳ ಹಲಸಿನ ಹಣ್ಣಿನ ಕಾಲ. ಎರಡನೆಯ ದಿನ ಮಧ್ಯಾಹ್ನಕ್ಕೆ ವಾಟ್ಸಾಪ್ ಗುಂಪಿನವರೇ ಮರಿಯಣ್ಣನಿಗೆ ಫೋನು ಮಾಡಿ ಮಾನವೀಯತೆಯ ಮಾತಾಡಿದರು. ಗಾಡಿ ಅವಳಿಗೇ ಉಳಿಯಿತು.

ನನಗೆ ಟ್ರಸ್ಟಿನಿಂದ ಒಂದು ಮೆಮೊ ಬಂತು. ಕಿಟಕಿಗಳ ಶಿಸ್ತಿನ ಬಗ್ಗೆ. ಉತ್ತರ ಬರೆದಿದ್ದೇನೆ. ಮೊದಲ ವಾಕ್ಯ, ನಾನು ಪೌರಕಾರ್ಮಿಕರಾಗಿದ್ದ ಪಾರ್ವತಮ್ಮನವರ ಮಗ ಎಂದು. ಏನು ಮಾಡುತ್ತಾರೋ ನೋಡಬೇಕು.

ಔಷಧಿ ಮುಗಿದು ಒಂದು ತಿಂಗಳಾದ ಮೇಲೆ ಬಸವಮ್ಮ ಮತ್ತೆ ಮಾದರಿ ಕೊಟ್ಟಳು. ಮೂರನೆಯದನ್ನು ತಂದ ದಿನ ಅಲ್ಲೇ ನಿಂತು ಕಾದಳು. ನಾನು ಸ್ಲೈಡು ಮೂಲೆಯಿಂದ ಮೂಲೆಗೆ ನೋಡಿದೆ. ಇನ್ನೊಂದು ಸ್ಲೈಡು ಮಾಡಿ ನೋಡಿದೆ. ತಲೆಯೆತ್ತಿ, ಮೂರರಲ್ಲೂ ಇಲ್ಲ ಬಸವಮ್ಮ, ವಾಸಿಯಾಗಿದೆ ಎಂದೆ. ನನ್ನ ಮುಖದಲ್ಲಿ ನಗು ಇದ್ದಿರಬೇಕು.

ಅವಳ ಮುಖದಲ್ಲಿ ಇರಲಿಲ್ಲ.

“ನೋಡಿ ಹೇಳ್ತಿದೀರಾ?”

ಬಾಗಿಲು ತೆಗೆದು ಒಳಗೆ ಕರೆದೆ. ಕುರ್ಚಿ ಬಿಟ್ಟು ಎದ್ದೆ. ಅವಳು ಕೂತಳು. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಮೈಕ್ರೋಸ್ಕೋಪಿಗೆ ಒತ್ತಿದಳು. ಗಾಜನ್ನು ಹೇಗೆ ಸರಿಸಬೇಕೆಂದು ತೋರಿಸಿದೆ. ಯಾವುದನ್ನು ಹುಡುಕಬೇಕೆಂದು ಪುಸ್ತಕದ ಚಿತ್ರ ತೋರಿಸಿದೆ. ಅವಳು ರಸ್ತೆ ಗುಡಿಸುವ ಹಾಗೆ ನೋಡಿದಳು, ಒಂದು ಅಂಚಿನಿಂದ ಶುರುಮಾಡಿ, ಒಂದು ಪಟ್ಟಿಯೂ ಬಿಡದೆ.

ಹೊರಗೆ ಸರದಿ ಬೆಳೆಯಿತು. ಯಾರೋ ಕಿಟಕಿ ತಟ್ಟಿ, ಏನ್ರೀ ಪ್ರಸನ್ನ, ಇನ್ನೂ ಎಷ್ಟು ಹೊತ್ತು ಎಂದರು.

“ನೋಡ್ತಿದಾರೆ,” ಎಂದೆ. “ಕಾಯಿರಿ.”